ಫೋನು ಕೈ ಬಿಟ್ಟು ಹ್ಯಾಂಡಲ್ ಹತ್ತಿದ ಕಥೆ

ಹೋದ ತಿಂಗ್ಳು ನಮ್ಮ ಭಾವನಿಗೆ ಒಂದು ಚಲನ್ ಬಂತು. ಎಸ್ಸೆಮ್ಮೆಸ್ಸಲ್ಲಿ ಲಿಂಕು, ಲಿಂಕ್ ಒತ್ತಿದ್ರೆ ಫೋಟೋ, ಫೋಟೋದಲ್ಲಿ ಭಾವ ಸ್ಕೂಟರ್ ಮೇಲೆ ಎಡಗೈಲಿ ಫೋನ್ ಹಿಡ್ಕೊಂಡು ಅದನ್ನೇ ನೋಡ್ತಾ ಇದಾರೆ, ಸ್ಟುಡಿಯೋಲಿ ಕೂರ್ಸಿ ತೆಗೆದಷ್ಟು ಕ್ಲಿಯರ್ರಾಗಿದೆ. "ನಾನು ಮಾತಾಡ್ತಿರ್ಲಿಲ್ಲ ಕಣೋ, ಮ್ಯಾಪ್ ನೋಡ್ತಿದ್ದೆ, ಮ್ಯಾಪ್ ನೋಡ್ಬಹುದು ಅಂತ ರೂಲೇ ಇದೆ" ಅಂತ ಅವ್ರು. "ಬ್ಲೂಟೂತ್ ಹಾಕ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಂಡೆ" ಅಂತ ಅಕ್ಕ. ಲಾ ಓದ್ತಿರೋ ಅವರ ಮಗ ಒಬ್ಬ, "ಅಪ್ಪ, ಕೇರಳ ಹೈಕೋರ್ಟು ಅದು ಅಪರಾಧನೇ ಅಲ್ಲ ಅಂದಿದೆ, ಕಟ್ಬೇಡಿ" ಅಂತ. ಮೂರೂ ಜನ ಹೇಳಿದ್ರಲ್ಲಿ ಅರ್ಧರ್ಧ ನಿಜ ಇದೆ, ಗೋಜಲಾಗಿರೋದೇ ಅಲ್ಲಿ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ಬಿಡಿಸ್ಕೊಂಡು ಬರೋಣ ಅನ್ನಿಸ್ತು.

1995ರ ಜುಲೈ 31ಕ್ಕೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದೆಹಲಿಲಿದ್ದ ಆಗಿನ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕಾಲ್ ಮಾಡಿದ್ರು, ಆಮೇಲೆ ಎಂಟು ವರ್ಷ ಇನ್‌ಕಮಿಂಗ್‌ಗೂ ದುಡ್ಡು ಅನ್ನೋ ಕಾಲ, 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯ್ತು, ಕರೆನ್ಸಿ ಹಾಕ್ಸೋ ಅಂಗಡಿ ಬೀದಿಗೊಂದು ಬಂತು, 2016ರಲ್ಲಿ ಜಿಯೋ ಬಂದು ಡೇಟಾ ನೀರಿನ ಥರ ಆಯ್ತು. ಇಷ್ಟೇ. ಇದ್ರಲ್ಲಿ ನಮ್ಗೆ ಬೇಕಾಗಿರೋ ವಿಷ್ಯ ಒಂದೇ, ಕಾಲ್ ದುಬಾರಿ ಇದ್ದಾಗ ಗಾಡಿ ಓಡಿಸ್ತಾ ಫೋನ್ ಎತ್ತೋರು ಕಮ್ಮಿ, ಎತ್ತಿದ್ರೂ "ಆಮೇಲ್ ಮಾಡ್ತೀನಿ" ಅಂತ ಇಡ್ತಿದ್ರು. ಫ್ರೀ ಆದ್ಮೇಲೆ ಇಡೋಕೆ ಕಾರಣನೇ ಇರ್ಲಿಲ್ಲ.

ನಮ್ಮ ಮೋಟಾರು ವಾಹನ ಕಾಯ್ದೆ 1988ರದ್ದು, ಅಂದ್ರೆ ಮೊಬೈಲಿಗಿಂತ ಏಳು ವರ್ಷ ದೊಡ್ಡದು. ಅದ್ರಲ್ಲಿ ಫೋನ್ ಅನ್ನೋ ಮಾತು ಎಲ್ಲಿಂದ ಬರ್ಬೇಕು. ಹಿಡಿಯೋಕೆ ಇದ್ದಿದ್ದು ಅಪಾಯಕಾರಿ ಚಾಲನೆಯ ಸೆಕ್ಷನ್ 184, ಮೊದಲ ಸಲಕ್ಕೆ ಆರು ತಿಂಗ್ಳವರೆಗೆ ಜೈಲು ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಬೇರೆ ಯಾವ ಸೆಕ್ಷನ್‌ಗೂ ಸಿಗದ ತಪ್ಪಿಗೆ ಅಂತ ಇಟ್ಟಿರೋ 177, ಮೊದಲ ಸಲ 100 ರೂಪಾಯಿವರೆಗೆ, ಆಮೇಲೆ 300. ನೂರು ರೂಪಾಯಿ ಕೊಟ್ಟು ರಸೀದಿ ಜೇಬಿಗೆ ಹಾಕ್ಕೊಂಡು, ಮುಂದಿನ ತಿರುವಲ್ಲಿ "ಹಾ ಹೇಳಪ್ಪ, ಪೊಲೀಸ್ ಹಿಡ್ದಿದ್ರು" ಅಂತ ಅದೇ ಕಾಲ್ ಮುಂದುವರ್ಸಿದೋರನ್ನ ನಾನೇ ನೋಡಿದೀನಿ. ಬ್ರಿಟನ್ನು 2003ರ ಡಿಸೆಂಬರಲ್ಲೇ ಕೈಯಲ್ಲಿ ಫೋನ್ ಹಿಡಿಯೋದನ್ನ ಹೆಸರು ಹಿಡಿದು ನಿಷೇಧ ಮಾಡ್ತು, ನ್ಯೂಯಾರ್ಕ್ ರಾಜ್ಯ 2001ರಲ್ಲೇ.

ಇಲ್ಲಿ ಮೊದಲು ಸ್ವಲ್ಪ ಬಿಸಿ ತಟ್ಟಿದ್ದು 2015ರ ಆಗಸ್ಟಲ್ಲಿ. ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅದರ ಅಧ್ಯಕ್ಷರು, ಗಾಡಿ ಓಡಿಸ್ತಾ ಮೊಬೈಲ್ ಬಳಸಿದೋರ ಡಿಎಲ್ ಕಮ್ಮಿ ಅಂದ್ರೂ ಮೂರು ತಿಂಗ್ಳು ಅಮಾನತು ಮಾಡಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳ್ತು. ಕುಡಿದು ಓಡಿಸೋದು, ಸಿಗ್ನಲ್ ಜಂಪ್ ಮಾಡೋದು, ಓವರ್‌ಸ್ಪೀಡು, ಓವರ್‌ಲೋಡು, ಇವುಗಳ ಸಾಲಲ್ಲೇ ಮೊಬೈಲನ್ನೂ ಕೂರ್ಸಿದ್ರು. ಸರಿಯಾದ ಸಾಲೇ.

ಇನ್ನು ಅಕ್ಕನ ಮಗ ಹೇಳಿದ್ದು. ಅದು 2018ರ ಮೇ ತಿಂಗ್ಳ ತೀರ್ಪು. ಕಾರ್ ಓಡಿಸ್ತಾ ಮಾತಾಡ್ತಿದ್ದ ಒಬ್ಬರ ಮೇಲೆ ಕೇರಳ ಪೊಲೀಸ್ ಕಾಯ್ದೆಯ 118(ಇ) ಅಡಿ ಕೇಸ್ ಹಾಕಿದ್ರು, ಹೈಕೋರ್ಟು, ಆ ಕಾಯ್ದೆಯಲ್ಲಿ ಫೋನಲ್ಲಿ ಮಾತಾಡೋದನ್ನ ನಿಷೇಧಿಸೋ ಮಾತೇ ಇಲ್ವಲ್ಲ, ಜನಕ್ಕೆ ಅಪಾಯ ಆಗೋ ಹಾಗೆ ನಡ್ಕೊಂಡಿದ್ರೆ ಮಾತ್ರ ಆ ಸೆಕ್ಷನ್ ಬರುತ್ತೆ ಅಂತು. ತೀರ್ಪು ನೋಡ್ತಿದ್ದಿದ್ದು ಆ ಒಂದು ಸೆಕ್ಷನ್ನಿನ ಅರ್ಥ. ಆದ್ರೆ ವಾಟ್ಸಾಪಲ್ಲಿ ಅದು ಹರಡಿದ್ದು "ಡ್ರೈವ್ ಮಾಡ್ತಾ ಮಾತಾಡ್ಬಹುದು, ಕೋರ್ಟ್ ಹೇಳಿದೆ" ಅಂತ, ಇವತ್ತಿಗೂ ಅದೇ ಓಡಾಡ್ತಿದೆ.

ಮರುವರ್ಷನೇ ಮೋಟಾರು ವಾಹನ ಕಾಯ್ದೆ ಬದಲಾಯ್ತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ, 184ರ ವಿವರಣೆ ಒಳಗೇ "ಕೈಯಲ್ಲಿ ಹಿಡಿಯೋ ಸಂವಹನ ಸಾಧನ" ಅನ್ನೋದನ್ನ ಸೇರಿಸ್ತು, ದಂಡ ಸಾವಿರದಿಂದ ಐದು ಸಾವಿರದವರೆಗೆ, ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ರೆ ಹತ್ತು ಸಾವಿರ, ಜೈಲೂ ಇದೆ. ಜನ ಬೊಬ್ಬೆ ಹೊಡೆದ್ರು. ಗುಜರಾತ್ ದಂಡ ಇಳಿಸ್ತು, ನಮ್ಮ ರಾಜ್ಯನೂ ಆ ತಿಂಗಳು ಮುಗಿಯೋದ್ರೊಳಗೆ ಹಲವು ದಂಡ ಇಳಿಸ್ತು. ಮುಂದಿನ ವರ್ಷ, 2020ರ ಅಕ್ಟೋಬರ್ 1ರಿಂದ, ಕೇಂದ್ರ ನಿಯಮಗಳಿಗೆ ಇನ್ನೊಂದು ತಿದ್ದುಪಡಿ: ಕೈಸಾಧನವನ್ನ ದಾರಿ ನೋಡೋಕೆ ಮಾತ್ರ ಬಳಸ್ಬಹುದು, ಅದೂ ಓಡಿಸೋರ ಗಮನ ಕದಡದ ರೀತೀಲಿ. ಭಾವ ಹೇಳ್ತಿದ್ದ ರೂಲು ಇದೇ. ವಾಕ್ಯದ ಮೊದಲ ಅರ್ಧ ಅವರಿಗೆ ಬಾಯಿಪಾಠ, ಎರಡನೇ ಅರ್ಧ ಹೇಳಿದ್ರೆ "ಓಹ್ ಹಾಗಿದ್ಯಾ" ಅಂದ್ರು.

"ಗಮನ ಕದಡದ ರೀತಿ" ಅಂದ್ರೆ ಯಾವ್ದು? ಇದನ್ನ ಬರೆದೋರಿಗೆ ಪಾಪ ಬೇರೆ ದಾರಿನೂ ಇರ್ಲಿಲ್ಲ. ಯಾಕಂದ್ರೆ ಅಷ್ಟು ಹೊತ್ತಿಗೆ ಫೋನು ಕೈಯಿಂದ ಇಳಿದು ಹ್ಯಾಂಡಲ್ ಮೇಲೆ ಹತ್ತಿ ಕೂತು ಐದಾರು ವರ್ಷ ಆಗಿತ್ತು.

ಆ ಐದಾರು ವರ್ಷನ ನಾನು ಹತ್ರದಿಂದ ನೋಡಿದೀನಿ, ದಿನಾ ವಿಜಯನಗರದಿಂದ ಕೋರಮಂಗಲಕ್ಕೆ ಹೋಗಿಬರ್ತಿದ್ದೆ. ಮೊದಲು ಇದ್ದಿದ್ದು ಕತ್ತು ವಾಲಿಸಿ ಭುಜ ಕಿವಿ ಮಧ್ಯೆ ಫೋನ್ ಸಿಕ್ಕಿಸ್ಕೊಂಡು ಓಡಿಸೋರು, ದೂರದಿಂದ ನೋಡಿದ್ರೆ ಕತ್ತು ಉಳುಕಿರ್ಬೇಕು ಅನ್ನಿಸೋದು. ಹೆಲ್ಮೆಟ್ ಕಡ್ಡಾಯ ಮಾಡಿದ್ಮೇಲೆ ಫೋನನ್ನ ಹೆಲ್ಮೆಟ್ ಒಳಗೆ ತುರುಕಿದ್ರು, ತಲೆ ಉಳಿಸೋ ವಸ್ತು ಫೋನ್ ಸ್ಟ್ಯಾಂಡ್ ಆಯ್ತು, ಕಾಲ್ ಮುಗಿದ್ಮೇಲೆ ಅದನ್ನ ಈಚೆ ಎಳೆಯೋಕೆ ಮತ್ತೆ ಒಂದು ಕೈ ಬೇಕು. 2013ರಲ್ಲಿ ಊಬರ್ ದೇಶದಲ್ಲಿ ಮೊದಲು ಕಾಲಿಟ್ಟಿದ್ದೇ ಬೆಂಗಳೂರಿಗೆ, 2014ರಲ್ಲಿ ಸ್ವಿಗ್ಗಿ ಇಲ್ಲೇ ಹುಟ್ಕೊಳ್ತು, ಮರುವರ್ಷ ರ‍್ಯಾಪಿಡೋ. ಇವುಗಳ ಜೊತೆ ಬಂದಿದ್ದು ಹ್ಯಾಂಡಲ್ ಮೇಲೆ ಫೋನ್ ಸಿಕ್ಕಿಸೋ ಹೋಲ್ಡರ್. ಸಿಗ್ನಲ್ ಹತ್ರ ಸನ್ ಶೇಡ್ ಮಾರ್ತಿದ್ದ ಹುಡುಗ್ರು ಹೋಲ್ಡರ್ ಮಾರೋಕೆ ಶುರು ಮಾಡಿದ್ರು.

ಇಲ್ಲಿವರೆಗೆ ಗಾಡಿ ಓಡಿಸೋವಾಗ ಫೋನ್ ಅಂದ್ರೆ ಚಟ, ಸೋಮಾರಿತನ, ದುರಹಂಕಾರ ಅಂತೆಲ್ಲ ಬೈಬಹುದಿತ್ತು. ಇನ್ಮೇಲೆ ಅದು ಒಂದಷ್ಟು ಜನರ ಕೆಲಸ. ಒಂದ್ಸಲ ಹತ್ತಿದ ಆಟೋದಲ್ಲಿ ಮೀಟರ್ ಮೇಲೆ ಒಂದು ಫೋನು, ಹ್ಯಾಂಡಲ್ ಪಕ್ಕ ಇನ್ನೊಂದು. ನಾನು ಇಳಿಯೋಕೆ ಇನ್ನೂ ಒಂದು ಕಿಲೋಮೀಟರ್ ಇದೆ, ಆಗ್ಲೇ ಮುಂದಿನ ರೈಡ್ ಕೂಗೋಕೆ ಶುರು, ಸ್ಕ್ರೀನ್ ಮೇಲೆ ಒಂದು ಗೆರೆ ಕರಗ್ತಾ ಬರುತ್ತೆ, ಕರಗೋದ್ರೊಳಗೆ ಎಷ್ಟು ದೂರ, ಎಷ್ಟು ದುಡ್ಡು, ಯಾವ ಏರಿಯಾ ಓದಿ, ಲೆಕ್ಕ ಹಾಕಿ, ಬೆರಳು ಒತ್ಬೇಕು. ಆಟೋ ಅಷ್ಟ್ರಲ್ಲಿ ಒಂದು ಟೆಂಪೋ ಹಿಂದೆ ಒಂದು ಮೊಳದಷ್ಟು ಹತ್ರ ಹೋಗಿತ್ತು. "ನಿಧಾನ ಅಣ್ಣ" ಅಂದೆ. "ಏನ್ ಮಾಡೋದು ಸಾರ್, ಸೈಡಿಗೆ ಹಾಕಿ ನೋಡೋಷ್ಟ್ರಲ್ಲಿ ಬೇರೆಯವ್ರಿಗೆ ಹೋಗಿರುತ್ತೆ" ಅಂದ್ರು. ಈ ಗೆರೆ ಎಷ್ಟು ಸೆಕೆಂಡಲ್ಲಿ ಕರಗ್ಬೇಕು ಅಂತ ಯಾರೋ ಒಂದು ಎಸಿ ರೂಮಲ್ಲಿ ಕೂತು ತೀರ್ಮಾನ ಮಾಡಿರ್ತಾರೆ, ಆದ್ರೆ ಚಲನ್ ಬರೋದು ಗಾಡಿ ನಂಬರಿಗೆ.

ಸೆಕೆಂಡಿನ ಲೆಕ್ಕ ಸಣ್ಣದಲ್ಲ. ಅಮೆರಿಕದ ವರ್ಜೀನಿಯಾ ಟೆಕ್‌ನೋರು ಲಾರಿಗಳೊಳಗೆ ಕ್ಯಾಮೆರಾ ಇಟ್ಟು ನೋಡಿ 2009ರಲ್ಲಿ ಹೇಳಿದ್ದು, ಮೆಸೇಜ್ ಟೈಪ್ ಮಾಡೋರ ಕಣ್ಣು ಆರು ಸೆಕೆಂಡಲ್ಲಿ ಸುಮಾರು 4.6 ಸೆಕೆಂಡು ರಸ್ತೆ ಮೇಲೆ ಇರೋದಿಲ್ಲ ಅಂತ. ಬೆಂಗಳೂರು ಮೈಸೂರು ಹೈವೇಲಿ ನೂರರಲ್ಲಿ ಹೋಗ್ತಿದೀರಿ ಅಂದ್ರೆ ಅಷ್ಟ್ರಲ್ಲಿ ಗಾಡಿ ಹತ್ರ ಹತ್ರ 130 ಮೀಟರ್ ಹೋಗಿರುತ್ತೆ, ಕಣ್ಣು ಮುಚ್ಕೊಂಡು.

ಸರಿ, ಕಣ್ಣು ರಸ್ತೆ ಮೇಲೆ, ಕೈ ಸ್ಟೀರಿಂಗ್ ಮೇಲೆ, ಬ್ಲೂಟೂತಲ್ಲಿ ಮಾತು. ಅಕ್ಕನ ವಾದ. ನಮ್ಮ ಕಾನೂನೂ ಹಿಡ್ಕೊಂಡಿರೋದು ಕೈಯನ್ನೇ. ಆದ್ರೆ ಟೊರಾಂಟೋದಲ್ಲಿ ಅಪಘಾತ ಮಾಡ್ಕೊಂಡ 699 ಜನರ ಫೋನ್ ಬಿಲ್ ಹಿಡ್ಕೊಂಡು ರೆಡೆಲ್ಮಯರ್, ಟಿಬ್ಶಿರಾನಿ ಅನ್ನೋ ಇಬ್ಬರು ಮಾಡಿದ ಅಧ್ಯಯನ 1997ರಲ್ಲೇ ಬಂದಿತ್ತು, ನಮ್ಮಲ್ಲಿ ಮೊಬೈಲ್ ಬಂದು ಎರಡು ವರ್ಷ ಆಗಿತ್ತಷ್ಟೇ. ಮಾತಾಡ್ತಿರೋವಾಗ ಗುದ್ದೋ ಸಂಭವ ಸುಮಾರು ನಾಲ್ಕು ಪಟ್ಟು, ಹ್ಯಾಂಡ್ಸ್‌ಫ್ರೀ ಇದ್ರೂ ಅದು ಕಮ್ಮಿ ಆಗಿದ್ದು ಕಾಣ್ಲಿಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಣ್ಣು ಎಲ್ಲಿ ನೋಡ್ತಿದೆ ಅಂತ ಅಳೆದ್ರು. ಫೋನಲ್ಲಿದ್ದೋರು ಬೋರ್ಡನ್ನ ನೋಡೇ ನೋಡಿರ್ತಾರೆ, ಆಮೇಲೆ ಕೇಳಿದ್ರೆ, ಫೋನಿಲ್ದೆ ಓಡಿಸಿದಾಗಿಗಿಂತ ತುಂಬಾ ಕಮ್ಮಿ ನೆನಪು. ನೋಡಿದ್ರೂ ಕಂಡಿಲ್ಲ. ಪಕ್ಕದಲ್ಲಿ ಕೂತೋರ ಜೊತೆ ಮಾತಾಡೋದು ಅಷ್ಟು ತೊಂದ್ರೆ ಅಲ್ಲ ಅಂತಲೂ ಅದೇ ತಂಡ ತೋರಿಸ್ತು, ಅದಕ್ಕೆ ಯೂಟಾವರೆಗೆ ಹೋಗ್ಬೇಕಾಗಿಲ್ಲ ಬಿಡಿ, ಪಕ್ಕದ ಸೀಟಲ್ಲಿ ಅಕ್ಕ ಇದ್ರೆ ಜಗಳದ ಮಧ್ಯೆನೂ "ರೀ ಹಂಪ್ಸು" ಅಂತಾಳೆ, ಫೋನಿನ ಆ ಕಡೆ ಇರೋ ಮ್ಯಾನೇಜರ್‌ಗೆ ಹಂಪ್ಸ್ ಕಾಣಲ್ಲ.

ಹಾಗಾದ್ರೆ ಇದ್ರಿಂದ ಸತ್ತೋರೆಷ್ಟು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2016ರಲ್ಲಿ 2,138, 2017ರಲ್ಲಿ 3,172, 2021ರಲ್ಲಿ 1,040. ಇಳೀತಲ್ಲ ಅಂತ ಖುಷಿಪಡೋಕೆ ಮುಂಚೆ ಒಂದು ವಿಷ್ಯ, 2021ರಲ್ಲಿ ರಸ್ತೇಲಿ ಸತ್ತೋರು ಒಟ್ಟು 1,53,972, ಅದ್ರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾವು ಬರೋದು ಅತಿವೇಗದ ಕಾಲಮ್ಮಿಗೆ. ನಮ್ಮ ಎಫ್ಐಆರ್ ಓದಿ, ಯಾವ ಊರಿಂದಾಗ್ಲಿ, "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ" ಅನ್ನೋ ಸಾಲು ಇರುತ್ತೆ. ಕುಡಿದಿದ್ರೆ ಊದ್ಸಿದ ತಕ್ಷಣ ಗೊತ್ತಾಗುತ್ತೆ, ಫೋನ್ ನೋಡ್ತಿದ್ದಿದ್ದಕ್ಕೆ ಊದೋ ಮಶೀನಿಲ್ಲ. ಬಿದ್ದ ಫೋನನ್ನ ಎತ್ತಿ ಕೊಡೋರು ಮನೆಯೋರ ಕೈಗೆ ಕೊಡ್ತಾರೆ, ಅಲ್ಲಿಗೆ ಮುಗೀತು.

ಹಿಡಿಯೋ ಕೆಲಸ ಮಾತ್ರ ಚುರುಕಾಯ್ತು. 2022ರ ಡಿಸೆಂಬರಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಹೊಸ ಕ್ಯಾಮೆರಾ ವ್ಯವಸ್ಥೆ ಬಂತು, ಹೆಲ್ಮೆಟ್ ಇಲ್ದೇ ಇರೋದು, ಕೈಲಿ ಫೋನ್ ಇರೋದು ಎಲ್ಲ ತಾನೇ ಹಿಡಿಯುತ್ತೆ, ಎರಡೇ ತಿಂಗ್ಳಿಗೆ, 2023ರ ಫೆಬ್ರವರಿಲಿ, ಬಾಕಿ ದಂಡಕ್ಕೆ ಅರ್ಧ ರಿಯಾಯ್ತಿನೂ ಬಂತು, ಜನ ಸೀರೆ ಸೇಲಿಗೆ ನಿಂತ ಹಾಗೆ ಕ್ಯೂ ನಿಂತು ಕಟ್ಟಿದ್ರು. ಕ್ಯಾಮೆರಾಗೆ ಕಾಣೋದು ಕೈ. ಹೋಲ್ಡರಲ್ಲಿರೋ ಫೋನಲ್ಲಿ ಮ್ಯಾಪ್ ಇದ್ಯಾ ರೀಲ್ಸ್ ಇದ್ಯಾ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು.

ಭಾವ ದಂಡ ಕಟ್ಟಿದ್ರು, ಮಗ ಎಷ್ಟು ಬೇಡ ಅಂದ್ರೂ. ಈಗ ಸ್ಕೂಟರಿಗೆ ಒಂದು ಹೋಲ್ಡರ್ ಹಾಕ್ಸಿದಾರೆ, ಇನ್ನೂರೈವತ್ತು ರೂಪಾಯಿ, ಮಳೆಗೆ ಪ್ಲಾಸ್ಟಿಕ್ ಕವರೂ ಕೊಟ್ಟಿದಾರೆ. ಮೊನ್ನೆ ಅವರ ಹಿಂದೆ ಕೂತು ಮಾಗಡಿ ರೋಡ್‌ವರೆಗೆ ಹೋದೆ. ಗೊತ್ತಿರೋ ದಾರಿನೇ, ಆದ್ರೂ ಮ್ಯಾಪ್ ಹಾಕಿದ್ರು. ದಾರೀಲಿ ಮೂರು ಸಲ ಮ್ಯಾಪ್ ಮೇಲೆ ಅಪಾರ್ಟ್ಮೆಂಟ್ ಗ್ರೂಪಿನ ಮೆಸೇಜು ಇಳೀತು, ಮೂರೂ ಸಲ ಸ್ಕೂಟರ್ ಸ್ವಲ್ಪ ಎಡಕ್ಕೆ ಸರೀತು.