ಹುದ್ದೆಯ ಹೆಸರು ಗೊತ್ತು, ಕೆಲಸ ಗೊತ್ತಿಲ್ಲ

ಐದನೇ ಸೆಮಿಸ್ಟರ್ ಮುಗಿದು ಆರನೆಯದು ಶುರುವಾಗುವ ಹೊತ್ತಿಗೆ ಕಾಲೇಜಿನ ಪ್ಲೇಸ್‌ಮೆಂಟ್ ಕೋಣೆಗೆ ಬರುವವರು ಜಾಸ್ತಿ ಆಗುತ್ತಾರೆ. ಅಲ್ಲಿಯವರೆಗೆ ಆ ಕೋಣೆ ಎಲ್ಲಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೇಡಂ, ಮುಂದೇನು ಮಾಡಿದ್ರೆ ಒಳ್ಳೇದು?" ನಿನ್ನ ತಲೆಯಲ್ಲಿ ಏನಿದೆ ಅಂತ ತಿರುಗಿ ಕೇಳಿದರೆ ಹೆಸರುಗಳು ಸಾಲಾಗಿ ಬರುತ್ತವೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಿಎಸ್‌ಐ, ಬ್ಯಾಂಕ್, ಎಚ್‌ಆರ್, ಡೇಟಾ ಅನಲಿಸ್ಟ್. "ಸರಿ, ಡೇಟಾ ಅನಲಿಸ್ಟ್ ಬೆಳಗ್ಗೆ ಆಫೀಸಿಗೆ ಹೋಗಿ ಏನು ಮಾಡ್ತಾರೆ?" ಅಂದರೆ ಪಕ್ಕದಲ್ಲಿ ಕೂತ ಗೆಳೆಯನ ಮುಖ ನೋಡುತ್ತಾರೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಸರ್ಕಾರಿ ಪದವಿ ಕಾಲೇಜಿಗೆ ಬರುವವರಲ್ಲಿ ಬಹಳಷ್ಟು ಜನ ಮನೆಯ ಮೊದಲ ಪದವೀಧರರು. ಅವರು ಕಣ್ಣಾರೆ ಕಂಡ ಕೆಲಸಗಳೇ ಕಡಿಮೆ: ಹೊಲದ್ದು, ಅಂಗಡಿಯದ್ದು, ಮೇಷ್ಟ್ರದ್ದು, ಪೊಲೀಸರದ್ದು. ಉಳಿದದ್ದೆಲ್ಲ ಯಾರೋ ಹೇಳಿದ್ದು, ರೀಲ್ಸ್‌ನಲ್ಲಿ ನೋಡಿದ್ದು. ಅಂಥವರಿಗೆ "ನಿನ್ನ ಆಸಕ್ತಿ ಯಾವುದು ಅಂತ ಮೊದಲು ತಿಳ್ಕೋ" ಎಂದು ಹೇಳಿ ಕಳಿಸುವುದು ಸುಲಭ. ನೋಡಿಯೇ ಇಲ್ಲದ ಕೆಲಸದ ಮೇಲೆ ಆಸಕ್ತಿ ಹುಟ್ಟುವುದಾದರೂ ಹೇಗೆ? ಆನ್‌ಲೈನ್‌ನಲ್ಲಿ ಸಿಗುವ ಪರ್ಸನಾಲಿಟಿ ಟೆಸ್ಟ್‌ಗಳ ಮೇಲೂ ನನಗೆ ಅಂಥ ನಂಬಿಕೆ ಇಲ್ಲ. "ನಿಮಗೆ ಜನರ ಜೊತೆ ಕೆಲಸ ಮಾಡುವುದು ಇಷ್ಟ" ಅಂತ ಬರುತ್ತದೆ. ನರ್ಸ್ ಕೂಡ ಜನರ ಜೊತೆಗೇ ಇರುತ್ತಾರೆ, ಸಾಲ ವಸೂಲಿ ಮಾಡುವವರೂ ಜನರ ಜೊತೆಗೇ ಇರುತ್ತಾರೆ.

ಹಾಗಾಗಿ ನಾನು ಕೊಡುವ ಮೊದಲ ಹೋಂವರ್ಕ್: ಹೋಗಿ ಕೆಲಸ ನೋಡಿಕೊಂಡು ಬಾ.

ಪಿಡಿಒ ಆಗಬೇಕು ಎನ್ನುವವರಿಗೆ ಇದು ತೀರಾ ಸುಲಭ. ಕಚೇರಿ ಊರಲ್ಲೇ ಇದೆ. ಆದರೂ ಆ ಹುದ್ದೆಗೆ ಓದುತ್ತಿರುವ ಹುಡುಗರಲ್ಲಿ ಒಂದು ಗ್ರಾಮಸಭೆಗೂ ಹೋಗದವರೇ ಹೆಚ್ಚು. ಒಮ್ಮೆ ಹೋಗಿ ಕೊನೆಯವರೆಗೂ ಕೂತು ನೋಡಿ. ಬೋರ್‌ವೆಲ್ ಮೋಟರ್ ಸುಟ್ಟು ವಾರವಾಯಿತು ಅಂತ ಒಬ್ಬರು ಎದ್ದು ನಿಲ್ಲುತ್ತಾರೆ. ಮನೆ ಪಟ್ಟಿಯಲ್ಲಿ ನನ್ನ ಹೆಸರು ಯಾಕಿಲ್ಲ ಅಂತ ಇನ್ನೊಬ್ಬರು. ಇ-ಸ್ವತ್ತಿನಲ್ಲಿ ಆಸ್ತಿ ದಾಖಲೆ ಕೊಡದೆ ಅಲೆಸುತ್ತಿದ್ದೀರಿ ಅಂತ ಮತ್ತೊಬ್ಬರು. ಸದಸ್ಯರದ್ದು ಒಂದು ಗುಂಪು, ಅಧ್ಯಕ್ಷರದ್ದು ಒಂದು ಗುಂಪು. ಇಷ್ಟರ ನಡುವೆ ಪಿಡಿಒ ಎಲ್ಲರಿಗೂ ಉತ್ತರ ಹೇಳಬೇಕು, ನಡಾವಳಿ ಬರೆಸಬೇಕು, ಸಂಜೆ ತಾಲ್ಲೂಕು ಪಂಚಾಯಿತಿಗೆ ವರದಿಯನ್ನೂ ಕಳಿಸಬೇಕು. ಇದನ್ನು ನೋಡಿ ಬಂದ ಒಬ್ಬ ಹುಡುಗ "ಈ ಗಲಾಟೆ ನನ್ನಿಂದ ಆಗಲ್ಲ ಮೇಡಂ" ಅಂದ. ಅವನ ಜೊತೆ ಹೋಗಿದ್ದ ಹುಡುಗಿಗೆ ಅದೇ ಗಲಾಟೆ ಇಷ್ಟವಾಗಿತ್ತು. ಅಲ್ಲಿದ್ದ ಅರ್ಧ ಸಮಸ್ಯೆ ಕಾಗದ ಸರಿಯಾಗಿ ಇಟ್ಟುಕೊಂಡಿದ್ದರೆ ಬರುತ್ತಲೇ ಇರಲಿಲ್ಲ ಅಂತ ಅವಳ ಲೆಕ್ಕ. ಇಬ್ಬರಿಗೂ ಒಂದು ಮಧ್ಯಾಹ್ನದಲ್ಲೇ ಉತ್ತರ ಸಿಕ್ಕಿತು.

ಬಿ.ಕಾಂ. ಮಕ್ಕಳಿಗೆ ನಾನು ಹೇಳುವ ಜಾಗ ಪೇಟೆಯಲ್ಲಿರುವ ಆಡಿಟರ್ ಅಥವಾ ತೆರಿಗೆ ಸಲಹೆಗಾರರ ಕಚೇರಿ. ಹೋಗುವುದಾದರೆ ತಿಂಗಳ 10ರಿಂದ 20ರ ನಡುವೆ ಹೋಗಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯಾಪಾರಿಗಳು ಮಾರಾಟದ ವಿವರವನ್ನು, ಅಂದರೆ ಜಿಎಸ್‌ಟಿಆರ್-1 ಅನ್ನು, 11ರೊಳಗೆ ಸಲ್ಲಿಸಬೇಕು. 14ಕ್ಕೆ 2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ, ಪೋರ್ಟಲ್‌ನಲ್ಲಿ ಬರುತ್ತದೆ. 20ರೊಳಗೆ 3ಬಿ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು. ಹಾರ್ಡ್‌ವೇರ್ ಅಂಗಡಿಯವರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ತಂದು ಸುರಿಯುವ ಬಿಲ್‌ಗಳನ್ನು ಒಂದೊಂದಾಗಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸಿ, 2ಬಿ ಜೊತೆ ತಾಳೆ ನೋಡಬೇಕು. ಒಂದು ಬಿಲ್ ಕಾಣುವುದಿಲ್ಲ. ಮಾಲು ಕೊಟ್ಟವನು ತನ್ನ ರಿಟರ್ನ್‌ನಲ್ಲಿ ಅದನ್ನು ತೋರಿಸಿಯೇ ಇಲ್ಲ, ಅಥವಾ ಜಿಎಸ್‌ಟಿ ನಂಬರ್‌ನಲ್ಲಿ ಒಂದು ಅಕ್ಷರ ತಪ್ಪು ಹಾಕಿದ್ದಾನೆ. ಅದು ಸರಿಯಾಗುವವರೆಗೆ ಈ ಅಂಗಡಿಯವರಿಗೆ ಆ ಬಿಲ್ಲಿನ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಇಲ್ಲ. ಫೋನ್ ಹಚ್ಚಿ, ಜಗಳ ಆಡದೆ, ಅವನಿಂದ ಅದನ್ನು ಸರಿ ಮಾಡಿಸಬೇಕು.

ಈ ಹುಡುಕಾಟದಲ್ಲಿ ಖುಷಿ ಸಿಗುವವರು ಇದ್ದಾರೆ. ಅಂಥವರಿಗೆ ಸಿಎ ದಾರಿ ಬಗ್ಗೆ ಧೈರ್ಯವಾಗಿ ಹೇಳುತ್ತೇನೆ. ವಾಣಿಜ್ಯ ಪದವಿಯಲ್ಲಿ 55%, ಬೇರೆ ಪದವಿಯಲ್ಲಿ 60% ಇದ್ದರೆ ಫೌಂಡೇಶನ್ ಪರೀಕ್ಷೆ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿ, 2023ರ ಹೊಸ ಪದ್ಧತಿಯಲ್ಲಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಎರಡೇ ದಿನಕ್ಕೆ ತಲೆನೋವು ಬಂದವರಿಗೆ ಬೇರೆ ದಾರಿ ನೋಡೋಣ ಅನ್ನುತ್ತೇನೆ.

ಬಿ.ಎಸ್ಸಿ.ಯವರ ಮಾತು ಬೇರೆ. ಔಷಧ ಕಂಪನಿಯ ಲ್ಯಾಬ್ ಒಳಗೆ ಸುಮ್ನೆ ಬಿಡುವುದಿಲ್ಲ. ಅಲ್ಲಿ ಕೆಲಸಕ್ಕೆ ಸೇರಿರುವ ಸೀನಿಯರ್‌ನ ಹಿಡಿಯಿರಿ. "ಸಂಬಳ ಎಷ್ಟು?" ಅಂತ ಕೇಳುವ ಮೊದಲು "ನಿನ್ನೆ ಶಿಫ್ಟ್‌ನಲ್ಲಿ ಏನೇನು ಮಾಡಿದ್ರಿ?" ಅಂತ ಕೇಳಿ. ಎರಡು ಮೂರು ವರ್ಷ ಮುಂದೆ ಇರುವವರು ಕೊಡುವ ಮಾಹಿತಿ ಇಪ್ಪತ್ತು ವರ್ಷ ಮುಂದೆ ಇರುವ ನಮ್ಮಂಥವರು ಕೊಡುವುದಕ್ಕಿಂತ ತಾಜಾ ಇರುತ್ತದೆ.

ಇನ್ನು ಸ್ಪರ್ಧಾತ್ಮಕ ಪರೀಕ್ಷೆ. ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಗುತ್ತದೆ. ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ರೂಮು ಮಾಡಿ ಓದುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಕ್ಯಾಲೆಂಡರ್ ತೋರಿಸುತ್ತೇನೆ. ಕೆಎಎಸ್‌ಗೆ 2020ರಲ್ಲಿ 106 ಹುದ್ದೆ ಕರೆದರು. ಆಮೇಲೆ ಕರೆದದ್ದು 2024ರಲ್ಲಿ, 384 ಹುದ್ದೆಗೆ. ಆ ಆಗಸ್ಟ್‌ನ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಕೆಟ್ಟು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಬೇಕಾಯಿತು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ ಅದು ರದ್ದಾಯಿತು, ಮತ್ತೆ ನಡೆದದ್ದು 2024ರ ಜನವರಿಯಲ್ಲಿ. ಚೆನ್ನಾಗಿ ಓದಿದವರೂ ಕಾದರು, ಓದದವರೂ ಕಾದರು. ಹಾಗಾಗಿ "ಎಷ್ಟು ಗಂಟೆ ಓದ್ತೀಯ?" ಅಂತ ನಾನು ಕೇಳುವುದಿಲ್ಲ. "ಎಲ್ಲಿಯವರೆಗೆ? ಅಲ್ಲಿಯವರೆಗೆ ಖರ್ಚು ಯಾರದ್ದು?" ಅಂತ ಕೇಳುತ್ತೇನೆ. ಮನೆಯವರ ಎದುರು ಒಂದು ತಿಂಗಳು, ಒಂದು ವರ್ಷ ಬರೆದಿಡಿ. ಬಾಯಿಮಾತಲ್ಲಿ ಹೇಳಿದ "ಒಂದು ಚಾನ್ಸ್ ನೋಡ್ತೀನಿ" ಮೂವತ್ತರವರೆಗೂ ಎಳೆಯುವುದನ್ನು ನೋಡುತ್ತಲೇ ಇದ್ದೇನೆ.

ಒಂದೇ ಓದಿನಲ್ಲಿ ಕಾಲ ಕಾಲಕ್ಕೆ ನಡೆಯುವ ಪರೀಕ್ಷೆಗಳನ್ನೂ ಬರೆಯಿರಿ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗಳ ವೇಳಾಪಟ್ಟಿ ವರ್ಷದ ಆರಂಭದಲ್ಲೇ ಸಿಗುತ್ತದೆ. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಎರಡು ಗ್ರಾಮೀಣ ಬ್ಯಾಂಕ್‌ಗಳು 2025ರ ಮೇ 1ಕ್ಕೆ ಒಂದಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಅರ್ಜಿ ಹಾಕುವಾಗ ಒಂದು ಸಣ್ಣ ವಿಷಯ ನೋಡಿಕೊಳ್ಳಿ. ಎಸ್‌ಬಿಐ ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಗೆ ಕೊನೆ ವರ್ಷದವರೂ ಷರತ್ತಿನ ಮೇಲೆ ಅರ್ಜಿ ಹಾಕಬಹುದು. ಐಬಿಪಿಎಸ್‌ನಲ್ಲಿ ಅವರು ಹೇಳಿದ ತಾರೀಖಿನೊಳಗೆ ಫಲಿತಾಂಶ ಬಂದಿರಲೇಬೇಕು. ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಒಂದು ಹಳೆಯ ಬ್ಯಾಕ್‌ಲಾಗ್ ಉಳಿದುಕೊಂಡು, ಆ ಕಾರಣಕ್ಕೇ ವರ್ಷ ಕಳೆದುಕೊಳ್ಳುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಮೊದಲು ಅದನ್ನು ಮುಗಿಸಿ.

ಸ್ನಾತಕೋತ್ತರದ ಬಗ್ಗೆ ಹೆಣ್ಣುಮಕ್ಕಳ ಹತ್ತಿರ ಬಾಗಿಲು ಹಾಕಿಕೊಂಡು ಮಾತಾಡಬೇಕು. "ಎಂ.ಕಾಂ. ಯಾಕೆ?" ಅಂದರೆ ಮೊದಲು ಏನೋ ಒಂದು ಉತ್ತರ ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ನಿಜ ಬರುತ್ತದೆ: ಡಿಗ್ರಿ ಮುಗಿದರೆ ಮದುವೆ ಮಾಡುತ್ತಾರೆ. ಎರಡು ವರ್ಷ ಸಿಗಲಿ ಅಂತ ಸೀಟು ತೆಗೆದುಕೊಳ್ಳುವುದನ್ನು ನಾನು ತಪ್ಪು ಅನ್ನುವುದಿಲ್ಲ, ಅದು ಸರಿಯಾದ ಲೆಕ್ಕವೇ. ಆದರೆ ಸಿಕ್ಕ ಎರಡು ವರ್ಷದಲ್ಲಿ ಕೈಗೆ ಸಂಬಳ ತರುವ ಒಂದು ಕೆಲಸ ಕಲಿತಿರಬೇಕು ಅನ್ನುತ್ತೇನೆ. ಮನೆಯಲ್ಲಿ ಮುಂದಿನ ಮಾತು ನಡೆಯುವಾಗ ಮಾರ್ಕ್ಸ್ ಕಾರ್ಡಿಗಿಂತ ಅದಕ್ಕೆ ತೂಕ ಜಾಸ್ತಿ. ಬೇರೆ ಕೆಲಸ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಪಿಜಿ ಸೇರುವ ಹುಡುಗರಿಗೆ ಮಾತ್ರ ಬೇಡ ಅನ್ನುತ್ತೇನೆ. ಅವರು ಎರಡು ವರ್ಷ ಬಿಟ್ಟು ಅದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ.

ಪದವಿ ಮುಗಿದ ಮೇಲೂ ಏನೂ ಗೊತ್ತಾಗದಿದ್ದರೆ ಒಂದು ವರ್ಷ ಅಪ್ರೆಂಟಿಸ್ ಆಗಿ. ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಬಿ.ಎ., ಬಿ.ಕಾಂ. ಆದವರೂ ಹೆಸರು ಹಾಕಬಹುದು. 2019ರ ನಿಯಮದಲ್ಲೇ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಅಂತ ಇತ್ತು. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಬರುತ್ತದಲ್ಲ, ಅಂತ ಕೆಲವರು ಕೇಳುತ್ತಾರೆ. ಆ 3,000 ರೂಪಾಯಿ ಬರುವುದು ಪಾಸಾಗಿ ಆರು ತಿಂಗಳು ಕೆಲಸ ಸಿಗದೆ ಕಳೆದ ಮೇಲೆ, ಅದೂ ಗರಿಷ್ಠ ಎರಡು ವರ್ಷ. ಮುಂದೆ ಓದಲು ಸೇರಿದವರಿಗೆ ಅದು ಇಲ್ಲ, ಅಪ್ರೆಂಟಿಸ್‌ಗಳಿಗೂ ಇಲ್ಲ. ಎರಡರಲ್ಲಿ ಯಾವುದು ಅಂತ ಕೇಳಿದರೆ ನಾನು ಅಪ್ರೆಂಟಿಸ್ ಕಡೆಗೇ. ಸೇರುವ ಮೊದಲು ಯಾರಾದರೂ ಟ್ರೈನಿಂಗ್ ಫೀಸ್, ಡೆಪಾಸಿಟ್ ಅಂತ ಹಣ ಕೇಳಿದರೆ ಮಾತ್ರ ಕಟ್ಟಬೇಡಿ. ಆ ಕಾಗದವನ್ನು ತೆಗೆದುಕೊಂಡು ಮೊದಲು ನಿಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಕೋಣೆಗೆ ಬನ್ನಿ.