ಬೋಟ್ ಎಂಜಿನ್‌ನ ನೀರಿನ ಧಾರೆ ನಿಂತರೆ ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ಯಾದಗಿರಿ ಹತ್ತಿರ ಭೀಮಾ ಹೊಳೆಯಲ್ಲಿ ನಮ್ಮದೊಂದು ಸಣ್ಣ ಬೋಟ್ ಇದೆ. ಹಿಂದುಗಡೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್. ಮೊದಲು ಎಂಜಿನ್ ಬದಿಯಿಂದ ನೀರು ಧಾರೆಯಾಗಿ ಚಿಮ್ಮುತ್ತಿತ್ತು. ಈಗ ಬರೀ ಹನಿ. ಹತ್ತು ನಿಮಿಷಕ್ಕೆ ಬೀಪ್ ಶುರು. ಗ್ಯಾರೇಜಿನವರು ರೇಡಿಯೇಟರ್ ಎಲ್ಲಿದೆ ಅಂತ ಹುಡುಕಿದರು! ಏನು ಮಾಡಲಿ? ಧಾರೆ ನಿಂತರೂ ದಡದವರೆಗೆ ಓಡಿಸಬಹುದಾ?

ಉತ್ತರ: ರೇಡಿಯೇಟರ್ ಇದ್ದರಲ್ವಾ ಸಿಗೋದು! ಈ ಎಂಜಿನ್ ಹೊಳೆಯ ನೀರನ್ನೇ ಎಳೆದುಕೊಂಡು, ಮೈ ತಣ್ಣಗೆ ಮಾಡಿಕೊಂಡು, ವಾಪಸ್ ಹೊಳೆಗೇ ಬಿಡುತ್ತದೆ. ಹೊಳೆದಂಡೆಯ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಫುಟ್‌ವಾಲ್ವ್ ಜಾಳಿಗೆಗೆ ಪಾಚಿ ಸುತ್ತಿಕೊಂಡರೆ ಮೋಟರ್ ಎಷ್ಟು ತಿರುಗಿದರೂ ಹೊಲಕ್ಕೆ ನೀರು ಬರಲ್ಲ. ಇಲ್ಲೂ ಅಷ್ಟೇ. ಪ್ರೊಪೆಲ್ಲರ್ ಮೇಲುಗಡೆ, ನೀರಲ್ಲಿ ಮುಳುಗಿರುವ ಭಾಗದಲ್ಲಿ, ಸಣ್ಣ ಸೀಳುಗಳ ಜಾಳಿಗೆ ಇರುತ್ತದೆ. ನೀರು ಒಳಹೋಗುವ ಬಾಯಿ ಅದು.

ಹಾಗಾಗಿ ಮೊದಲ ಕೆಲಸಕ್ಕೆ ಪಾನಾ ಬೇಡ. ಎಂಜಿನ್ ಆರಿಸಿ, ಮೇಲಕ್ಕೆ ಎತ್ತಿ, ಜಾಳಿಗೆ ನೋಡಿ. ಕ್ಯಾರಿಬ್ಯಾಗ್ ಅಂಟಿರಬಹುದು, ಅಂತರಗಂಗೆಯ ಬೇರು ಸಿಕ್ಕಿರಬಹುದು, ಎರೆಮಣ್ಣು ಮೆತ್ತಿರಬಹುದು. ಅದು ಸ್ವಚ್ಛವಾಗಿದ್ದರೆ ಧಾರೆ ಬರುವ ತೂತಿಗೆ ಬನ್ನಿ. ಗಾಳದ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ತಿಂಗಳುಗಟ್ಟಲೆ ನಿಂತ ಎಂಜಿನ್ ಆದರೆ ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ! ಈ ತೂತು ಒಂದೇ ಕಟ್ಟಿದ್ದರೆ ಒಳಗೆ ನೀರು ಓಡಾಡುತ್ತಲೇ ಇರುತ್ತದೆ, ಎಂಜಿನ್ ಕಾಯುವುದಿಲ್ಲ. ನಿಮ್ಮಲ್ಲಿ ಎಂಜಿನ್ ಕಾದಿದೆ ಅಂತ ಎಚ್ಚರಿಸುವ ಬೀಪ್ ಕೂಡ ಹೊಡೆಯುತ್ತಿದೆ. ನನ್ನ ಅನುಮಾನ ಇನ್ನೂ ಒಳಗಿದೆ.

ಒಳಗೆ ಅಂದರೆ ಇಂಪೆಲ್ಲರ್. ಗೇರ್‌ಬಾಕ್ಸ್ ಮೇಲೆ ಕೂತು, ನೀರನ್ನು ಎಂಜಿನ್‌ಗೆ ತಳ್ಳುವ ಅಂಗೈಯಗಲದ ರಬ್ಬರ್ ಚಕ್ರ. ನಾನು ಒಮ್ಮೆ ಬಿಚ್ಚಿಸಿದಾಗ ಆರು ರೆಕ್ಕೆಗಳಲ್ಲಿ ಎರಡು ಇರಲೇ ಇಲ್ಲ. ಉಳಿದ ನಾಲ್ಕು ಒಂದೇ ಕಡೆಗೆ ಬಾಗಿ, ಒಣಗಿದ ಹುಣಸೆಕಾಯಿಯ ಹಾಗೆ ಗಟ್ಟಿಯಾಗಿದ್ದವು. ಸುತ್ತಲಿನ ಕವಚದಲ್ಲಿ ಉಗುರಿಗೆ ಸಿಗುವಷ್ಟು ಗೀರುಗಳು. ಮರಳು ತಿಂದ ಗುರುತು ಅದು. ಭೀಮೆಗೆ ಹೊಸ ನೀರು ಬಂದಾಗ ಆ ಕೆಂಪು ರಾಡಿಯಲ್ಲಿ ಓಡಿಸಿದರೆ ರಬ್ಬರ್ ಬೇಗ ಸವೆಯುತ್ತದೆ. ಸುಮ್ನೆ ಇಟ್ಟರೂ ಕೆಡುತ್ತದೆ. ನಮ್ಮ ಕಡೆ ಎಷ್ಟೋ ಬೋಟ್‌ಗಳು 2020ರ ಅಕ್ಟೋಬರ್‌ನಂಥ ಪ್ರವಾಹ ಬಂದಾಗಲೇ ಹೊರಗೆ ಬರೋದು. ಉಳಿದ ದಿನ ತಗಡಿನ ಶೆಡ್ಡಿನಲ್ಲಿ, ಕಲಬುರಗಿ ಬಿಸಿಲಲ್ಲಿ. ಬಾಗಿದ ರೆಕ್ಕೆ ಹಾಗೇ ಸೆಟೆದುಕೊಳ್ಳುತ್ತದೆ. ಬಿಸಿಲಿಗೆ ಎಂಜಿನ್ ಕಾಯುತ್ತದೆ ಅನ್ನೋರಿದ್ದಾರೆ. ಓಡುವಾಗ ಹೊಳೆಯ ನೀರು ಸಾಕು ಅದಕ್ಕೆ. ಬಿಸಿಲು ಹಾಳು ಮಾಡೋದು ನಿಂತಾಗ.

ಮುರಿದ ರೆಕ್ಕೆಯ ಚೂರುಗಳನ್ನು ಹುಡುಕಲೇಬೇಕು. ಹೊಸ ಇಂಪೆಲ್ಲರ್ ಹಾಕಿ ಕೈತೊಳೆದುಕೊಂಡರೆ ಹಳೆಯ ಚೂರು ಮೇಲಿನ ನೀರಿನ ದಾರಿಯಲ್ಲಿ ಕೂತು ಮತ್ತೆ ಕಟ್ಟುತ್ತದೆ. ಜೋಡಿಸುವಾಗ ರಬ್ಬರ್‌ಗೆ ಸೋಪಿನ ನೀರು ಸವರಿ, ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ, ಹಿಂದಕ್ಕೆ ರೆಕ್ಕೆ ಬಾಗುವಂತೆ ಕೂರಿಸಬೇಕು. ಇಂಪೆಲ್ಲರ್ ಅನ್ನು ಶಾಫ್ಟಿಗೆ ಹಿಡಿದಿಡುವ ಒಂದು ಸಣ್ಣ ತುಂಡು, ಕೀ ಅಂತಾರೆ, ಇರುತ್ತದೆ, ಅದು ಬಿದ್ದುಹೋಗದಂತೆ ನೋಡಿಕೊಳ್ಳಿ. ಕೆಳಭಾಗ ಕಳಚಲು ಗೇರಿನ ರಾಡನ್ನೂ ಬಿಡಿಸಬೇಕು. ಮೊದಲ ಸಲವಾದರೆ ಬಲ್ಲವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಪರೀಕ್ಷೆಗೆ ಎಂಜಿನ್ ಅನ್ನು ಒಣ ನೆಲದ ಮೇಲೆ ಒಂದು ಕ್ಷಣವೂ ಚಾಲೂ ಮಾಡಬೇಡಿ. ನೀರಿಲ್ಲದೆ ತಿರುಗಿದರೆ ಹೊಸ ರಬ್ಬರ್ ಕೂಡ ಅಲ್ಲೇ ಸುಡುತ್ತದೆ. 200 ಲೀಟರ್ ಡ್ರಮ್ಮಿಗೆ ನೀರು ತುಂಬಿ, ಜಾಳಿಗೆ ಚೆನ್ನಾಗಿ ಮುಳುಗುವಂತೆ ಇಳಿಸಿ, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಓಡಿಸಿ.

ಧಾರೆ ಜೋರಾಗಿ ಬಂದೂ ಬೀಪ್ ನಿಲ್ಲದಿದ್ದರೆ? ಆಗ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ತೆರೆದು ನೀರಿಗೆ ದಾರಿ ಬಿಡುವ ವಾಲ್ವ್ ನೋಡಿ, ನಿಮ್ಮ ಎಂಜಿನ್‌ಗೆ ಅದು ಇದ್ದರೆ. ಎಷ್ಟೋ ಎಂಜಿನ್‌ಗಳಲ್ಲಿ ಧಾರೆ ಅದಕ್ಕಿಂತ ಮುಂಚೆಯೇ ಕವಲೊಡೆಯುತ್ತದೆ. ಆದ್ದರಿಂದ ಧಾರೆ ಕಂಡ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಬಿಚ್ಚಿ, ದಾರ ಕಟ್ಟಿ ಪಾತ್ರೆಯ ನೀರಲ್ಲಿ ಇಳಿಬಿಟ್ಟು ಒಲೆ ಹಚ್ಚಿ. ಹೆಚ್ಚಿನವು 50-60 ಡಿಗ್ರಿ ಆಸುಪಾಸಿಗೆ ಬಾಯಿ ಬಿಡುತ್ತವೆ. ನೀರು ಕುದಿದರೂ ತೆರೆಯದಿದ್ದರೆ ಹೊಸದು ತನ್ನಿ. ಅಡುಗೆಮನೆಯ ಒಳ್ಳೆ ಪಾತ್ರೆ ಮಾತ್ರ ತಗೋಬೇಡಿ, ಬೈಸಿಕೊಳ್ತೀರಿ.

ಇನ್ನು ದಡದವರೆಗೆ ಓಡಿಸೋ ಮಾತು. ನೀರು ನಿಂತಿದ್ದರೆ ಬೇಡ. ತಕ್ಷಣ ಆರಿಸಿ, ತಾನಾಗಿ ತಣ್ಣಗಾಗಲು ಬಿಡಿ. ಕಾದ ಎಂಜಿನ್ ಮೇಲೆ ಬಕೆಟ್ ನೀರು ಸುರಿಯಬೇಡಿ. ಸೆಳವು ಇದ್ದರೆ ಮೊದಲು ಲಂಗರು ಹಾಕಿ, ಇಲ್ಲವೇ ಮರಕ್ಕೆ ಹಗ್ಗ ಬಿಗಿದು, ಆಮೇಲೆ ಆರಿಸಿ. ಬೋಟಿನಲ್ಲಿ ಜನರಿದ್ದು, ಸೆಳವಿಗೆ ಕೊಚ್ಚಿಹೋಗುವ ಹಾಗಿದ್ದರೆ ಮಾತ್ರ ಎಂಜಿನ್ ಸುಟ್ಟರೂ ಸುಡಲಿ, ದಡ ಸೇರಿ. ಉಳಿದ ಹೊತ್ತಿಗೆ ಹುಟ್ಟು ಇದೆ. ಬೋಟಿನಲ್ಲಿ ಇಟ್ಟುಕೊಂಡಿದ್ದೀರಿ ತಾನೆ?