ದುಬಾರಿ ಕ್ಯಾಮೆರಾ ಕೊಂಡರೆ ಫೋಟೊ ಚೆನ್ನಾಗಿ ಬರುತ್ತದೆಯೇ?

ಪ್ರಶ್ನೆ: ಐದು ವರ್ಷಗಳಿಂದ ಒಂದು ಸಾಧಾರಣ ಕ್ಯಾಮೆರಾದಲ್ಲಿ, ಅದರ ಜೊತೆಗೇ ಬಂದ ಕಿಟ್ ಲೆನ್ಸ್ ಹಾಕಿಕೊಂಡು ಫೋಟೊ ತೆಗೆಯುತ್ತಿದ್ದೇನೆ. ಈಗ ಇದರ ನಾಲ್ಕು ಪಟ್ಟು ಬೆಲೆಯ, ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳುವ ಆಸೆ. ಅಷ್ಟು ಹಣ ಹಾಕಿದ್ದಕ್ಕೆ ತಕ್ಕ ಫಲ ಸಿಗುತ್ತದೆಯೇ?

ಉತ್ತರ: ನಾಲ್ಕು ಪಟ್ಟು ಹಣಕ್ಕೆ ನಾಲ್ಕು ಪಟ್ಟು ಒಳ್ಳೆಯ ಫೋಟೊ ಸಿಗುವುದಿಲ್ಲ. ಒಳ್ಳೆಯ ಬೆಳಕಿನಲ್ಲಿ, ಅಲುಗಾಡದ ಒಂದು ವಸ್ತುವನ್ನು ಎರಡೂ ಕ್ಯಾಮೆರಾಗಳಲ್ಲಿ ತೆಗೆದು ಪಕ್ಕಪಕ್ಕದಲ್ಲಿ ಇಟ್ಟರೆ ಯಾವುದು ಯಾವುದರದ್ದು ಎಂದು ಹೇಳಲು ಪಳಗಿದವರೂ ತಡವರಿಸುತ್ತಾರೆ. ಹಾಗೆಂದು ಇದನ್ನೇ ವೃತ್ತಿ ಮಾಡಿಕೊಂಡವರು ದುಬಾರಿ ಕ್ಯಾಮೆರಾಗಳಿಗೆ ಸುಮ್ಮನೆ ಹಣ ಸುರಿಯುತ್ತಿಲ್ಲ. ಸಿಗಲೇಬೇಕಾದ ಚಿತ್ರ ಕೈತಪ್ಪಬಾರದು ಎಂಬ ಭರವಸೆಗಾಗಿ ಅವರು ಆ ಬೆಲೆ ಕೊಡುತ್ತಾರೆ. ನಿಮ್ಮ ಕೈತಪ್ಪುತ್ತಿರುವ ಚಿತ್ರಗಳು ಯಾವುವು, ಏಕೆ ತಪ್ಪುತ್ತಿವೆ ಎಂದು ಗೊತ್ತಾಗುವವರೆಗೆ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಲಾಗದು.

ಫಿಲ್ಮ್ ಕಾಲದಲ್ಲಿ ವಿಷಯ ಸರಳವಾಗಿತ್ತು. ಕ್ಯಾಮೆರಾ ಬಾಡಿ ಎಂದರೆ ಬೆಳಕು ಸೋರದ ಒಂದು ಪೆಟ್ಟಿಗೆ. ಅಗ್ಗದ ಬಾಡಿಗೂ ದುಬಾರಿ ಬಾಡಿಗೂ ಹಾಕುತ್ತಿದ್ದುದು ಒಂದೇ ರೋಲ್. ಚಿತ್ರದ ಗುಣ ಲೆನ್ಸ್ ಮತ್ತು ಫಿಲ್ಮ್‌ನಿಂದ ಬರುತ್ತಿತ್ತು. ಡಿಜಿಟಲ್ ಬಂದ ಮೇಲೆ ಫಿಲ್ಮ್‌ನ ಜಾಗಕ್ಕೆ ಸೆನ್ಸರ್ ಬಂತು, ಅದು ಬಾಡಿಯೊಳಗೇ ಕೂತಿತು. ಹಾಗಾಗಿ ಸೆನ್ಸರ್ ಸುಧಾರಿಸಿದಾಗಲೆಲ್ಲ ಬಾಡಿಯನ್ನೇ ಬದಲಿಸಬೇಕಾಯಿತು. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಹಾಗೆ ಬದಲಿಸಿದವರಿಗೆ ಪ್ರತಿ ಸಲವೂ ಕಣ್ಣಿಗೆ ಕಾಣುವ ವ್ಯತ್ಯಾಸ ಸಿಗುತ್ತಿತ್ತು. ಆ ಓಟ ಈಗ ನಿಧಾನವಾಗಿದೆ. ನಿಕಾನ್‌ನ 2014ರ ಡಿ750 ಕ್ಯಾಮೆರಾದಲ್ಲಿ 24 ಮೆಗಾಪಿಕ್ಸೆಲ್ ಇತ್ತು, 2024ರ ಝಡ್6 III ಕ್ಯಾಮೆರಾದಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಈ ಹತ್ತು ವರ್ಷಗಳಲ್ಲಿ ಬೆಳೆದದ್ದು ಮುಖ್ಯವಾಗಿ ವೇಗ ಮತ್ತು ಫೋಕಸ್.

ಇನ್ನೂ ಸ್ಪಷ್ಟವಾದ ಉದಾಹರಣೆ ಸೋನಿ ಎ9 III. 2023ರಲ್ಲಿ ಪ್ರಕಟವಾದ ಈ ಕ್ಯಾಮೆರಾ ಸೆಕೆಂಡಿಗೆ 120 ಫೋಟೊ ತೆಗೆಯುತ್ತದೆ, ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ಓದುತ್ತದೆ. ಅದಕ್ಕೆ ಪ್ರತಿಯಾಗಿ ಅದರ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ; ಕಡಿಮೆಯಿದ್ದಷ್ಟೂ ಚಿತ್ರ ಸ್ವಚ್ಛ) ಶುರುವಾಗುವುದೇ 250ರಿಂದ, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕೂಡ ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಎ7 IVಗಿಂತ ಸ್ವಲ್ಪ ಹೆಚ್ಚು. ಕ್ರೀಡೆಯ ಫೋಟೊ ತೆಗೆಯುವವರಿಗೆ ಅದು ವರ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಬೆಟ್ಟದ ಮೇಲಿನ ಸೂರ್ಯೋದಯ ತೆಗೆಯುವವರು ಹೆಚ್ಚು ಹಣ ಕೊಟ್ಟು ತುಸು ಕಡಿಮೆ ಗುಣದ ಫೈಲ್ ಪಡೆದಂತಾಗುತ್ತದೆ.

ಹಾಗಾದರೆ ಫುಲ್ ಫ್ರೇಮ್‌ನಿಂದ ಲಾಭವೇ ಇಲ್ಲವೇ ಎಂದರೆ, ಖಂಡಿತ ಇದೆ; ಆದರೆ ಅದನ್ನು ಲೆಕ್ಕ ಹಾಕಿ ನೋಡಬೇಕು. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ನಿಮ್ಮ ಈಗಿನ ಕ್ಯಾಮೆರಾ ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್‌ನದ್ದಾಗಿದ್ದರೆ ಅದರ ಸೆನ್ಸರ್ ಸುಮಾರು 23.5×15.6 ಮಿ.ಮೀ. ವಿಸ್ತೀರ್ಣದಲ್ಲಿ ದೊಡ್ಡದು ಸುಮಾರು 2.3 ಪಟ್ಟು. ಅಂದರೆ ಚಿಕ್ಕ ಸೆನ್ಸರ್‌ನಲ್ಲಿ ಐಎಸ್‌ಒ 2800ಕ್ಕೆ ಕಾಣುವ ನಾಯ್ಸ್ ದೊಡ್ಡದರಲ್ಲಿ ಸುಮಾರು 6400ಕ್ಕೆ ಕಾಣುತ್ತದೆ. ಈಗ ಲೆನ್ಸ್ ಕಡೆ ತಿರುಗಿ. ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಸಾಮಾನ್ಯವಾಗಿ ಎಫ್/5.6; ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಹಲವು ಕಂಪನಿಗಳು ತಮ್ಮ ಪಟ್ಟಿಯ ಕೆಳಗಿನ ಬೆಲೆಯಲ್ಲೇ ಮಾರುವ 50 ಮಿ.ಮೀ. ಲೆನ್ಸ್ ಎಫ್/1.8ಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ಬರುವ ಬೆಳಕು ಹತ್ತಿರ ಹತ್ತಿರ 10 ಪಟ್ಟು; ಹಾಗಾಗಿ ಶಟರ್ (ಬೆಳಕನ್ನು ಒಳಬಿಡುವ ಬಾಗಿಲು) ಅಷ್ಟು ಬೇಗ ಮುಚ್ಚಬಹುದು, ಅಲುಗಾಟ ಕಾಣುವುದು ಕಡಿಮೆಯಾಗುತ್ತದೆ. ಮಂದ ಬೆಳಕಿನ ಕೋಣೆಯಲ್ಲಿ ಮಗುವಿನ ಫೋಟೊ ಮಸುಕಾಗುತ್ತಿದೆ ಎಂಬುದು ನಿಮ್ಮ ಕೊರಗಾದರೆ, ದೊಡ್ಡ ಬಾಡಿ 2.3 ಪಟ್ಟು ಸಹಾಯ ಮಾಡುತ್ತದೆ, ಆ ಪುಟ್ಟ ಲೆನ್ಸ್ 10 ಪಟ್ಟು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಬಾಡಿಯ ಆಕರ್ಷಣೆಯೇ ಗೆಲ್ಲುವುದನ್ನು ನೋಡಿ ಬೇಸರವಾಗುತ್ತದೆ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಯುತ್ತದೆ. ಎ4 ಹಾಳೆಯಲ್ಲಿ ಅಂಗುಲಕ್ಕೆ 300 ಚುಕ್ಕೆಯಂತೆ ಪ್ರಿಂಟ್ ಮಾಡಲು ಬೇಕಾಗುವುದು 8.7 ಮೆಗಾಪಿಕ್ಸೆಲ್. 4ಕೆ ಟಿವಿ ಪರದೆಗೆ 8.3 ಸಾಕು. 24ರಿಂದ 61 ಮೆಗಾಪಿಕ್ಸೆಲ್‌ಗೆ ಏರಿದರೆ ಚಿತ್ರದ ಅಗಲ ಹೆಚ್ಚುವುದು 1.6 ಪಟ್ಟು ಮಾತ್ರ. ದೂರದ ಹಕ್ಕಿಯನ್ನು ಕ್ರಾಪ್ ಮಾಡಬೇಕಾದವರಿಗೆ, ಗೋಡೆಯಗಲದ ಪ್ರಿಂಟ್ ಹಾಕಿಸುವವರಿಗೆ ಅದು ಬೇಕು.

ದುಬಾರಿ ಬಾಡಿ ನಿಜವಾಗಿ ತನ್ನ ಬೆಲೆ ತೀರಿಸುವುದು ಬೇರೆ ಕಡೆ. ವರ್ಷಗಳ ಹಿಂದೆ ಒಂದು ಮದುವೆಯ ಫೋಟೊ ತೆಗೆದು ಮನೆಗೆ ಬಂದು ಕಾರ್ಡ್ ಹಾಕಿದರೆ ಕಂಪ್ಯೂಟರ್ ಅದನ್ನು ಓದಲೇ ಇಲ್ಲ. ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಒಂದೇ ಕಾರ್ಡ್ ಸ್ಲಾಟ್. ರಿಕವರಿ ತಂತ್ರಾಂಶ ಹಾಕಿ ರಾತ್ರಿಯಿಡೀ ಕೂತು ಅರ್ಧದಷ್ಟು ಫೋಟೊಗಳನ್ನು ಹೊರತೆಗೆದೆ, ಉಳಿದರ್ಧ ಹೋದವು. ಆ ಮನೆಯವರಿಗೆ ಫೋನ್ ಮಾಡಿ ಹೇಳಿದ ಆ ಹತ್ತು ನಿಮಿಷ ನನಗೆ ಇಂದಿಗೂ ನೆನಪಿದೆ. ಪ್ರತಿ ಫೋಟೊವನ್ನೂ ಎರಡು ಕಾರ್ಡ್‌ಗಳಲ್ಲಿ ಬರೆಯುವ ಕ್ಯಾಮೆರಾ ಚಿತ್ರದ ಅಂದವನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ಆದರೂ ಮತ್ತೆ ನಡೆಯದ ಘಟನೆಗಳನ್ನು ಸೆರೆಹಿಡಿಯುವವರಿಗೆ ಆ ಎರಡನೆಯ ಸ್ಲಾಟ್‌ಗೆ ಎಷ್ಟು ಕೊಟ್ಟರೂ ಸರಿಯೇ ಎನಿಸುತ್ತದೆ. ಮಳೆ, ದೂಳು ಒಳಗಿಳಿಯದಂತೆ ಮಾಡಿದ ಕಟ್ಟು, ಹಾರುವ ಹಕ್ಕಿಯ ಕಣ್ಣನ್ನೇ ಹಿಡಿದು ಬಿಡದ ಆಟೊಫೋಕಸ್ ಕೂಡ ಇದೇ ಜಾತಿಯವು. ಹತ್ತು ಕ್ಲಿಕ್‌ಗಳಲ್ಲಿ ಮೂರು ಶಾರ್ಪ್ ಆಗುತ್ತಿದ್ದ ಕಡೆ ಎಂಟು ಆಗುತ್ತವೆ. ಆ ಎಂಟರಲ್ಲಿ ಒಂದೊಂದೂ ಹಳೆಯ ಕ್ಯಾಮೆರಾದ ಆ ಮೂರರಲ್ಲಿ ಒಂದರಷ್ಟೇ ಚೆನ್ನಾಗಿರುತ್ತದೆ, ಅದಕ್ಕಿಂತ ಹೆಚ್ಚಲ್ಲ.

ಬಾಳಿಕೆಯ ಮಾತೂ ಬರುತ್ತದೆ. ನಿಕಾನ್ ಡಿ5ರಂಥ ಮೇಲ್ದರ್ಜೆಯ ಕ್ಯಾಮೆರಾದ ಶಟರನ್ನು 4 ಲಕ್ಷ ಕ್ಲಿಕ್‌ಗಳಿಗೆ ಪರೀಕ್ಷಿಸಿರುತ್ತಾರೆ. ಕೆಳಗಿನ ದರ್ಜೆಯವಕ್ಕೆ ಸಾಮಾನ್ಯವಾಗಿ 1 ಲಕ್ಷದ ಆಸುಪಾಸು. ಆದರೆ ವರ್ಷಕ್ಕೆ 5000 ಫೋಟೊ ತೆಗೆಯುವ ಹವ್ಯಾಸಿಗೆ ಆ 1 ಲಕ್ಷ ಮುಟ್ಟಲು 20 ವರ್ಷ ಬೇಕು.

ಕ್ಯಾಮೆರಾವನ್ನು ಹೂಡಿಕೆ ಎನ್ನುವ ಮಾತನ್ನು ಬಹಳ ಜನ ಆಡುತ್ತಾರೆ. ಅದರಿಂದ ಸಂಪಾದನೆ ಇದ್ದರೆ ಆ ಮಾತು ಸರಿ. ಇಲ್ಲದಿದ್ದರೆ ಅದು ಖರ್ಚು, ಮತ್ತು ಖರ್ಚೆಂದೇ ತಿಳಿದು ಮಾಡುವುದು ನೆಮ್ಮದಿ. ಹೊಸ ಮಾದರಿ ಬಂದ ಕೂಡಲೇ ಹಳೆಯ ಬಾಡಿಯ ಬೆಲೆ ಕುಸಿಯುತ್ತದೆ. ಒಳ್ಳೆಯ ಲೆನ್ಸ್ ಅಷ್ಟು ಬೇಗ ಬೆಲೆ ಕಳೆದುಕೊಳ್ಳುವುದಿಲ್ಲ, ಎರಡು ಮೂರು ಬಾಡಿಗಳಷ್ಟು ಕಾಲ ಜೊತೆಗಿರುತ್ತದೆ. ಸಂಪಾದನೆ ಇಲ್ಲದಿದ್ದರೂ, ಸಾಲ ಮಾಡದೆ, ಕೈಯಲ್ಲಿ ಹಿಡಿದಾಗ ಆಗುವ ಖುಷಿಗಾಗಿಯೇ ಒಳ್ಳೆಯ ಕ್ಯಾಮೆರಾ ಕೊಳ್ಳುವವರನ್ನು ನಾನು ತಪ್ಪೆನ್ನಲಾರೆ. ಹಿಡಿಯಲು ಹಿತವಾದ ಕ್ಯಾಮೆರಾ ಮನೆಯಿಂದ ಹೊರಡಿಸುತ್ತದೆ, ಹೊರಟವರಿಗೆ ಚಿತ್ರ ಸಿಗುತ್ತದೆ.

ಈಗ ನೀವು ಮಾಡಬೇಕಾದ ಕೆಲಸ. ಕಳೆದ ಒಂದು ವರ್ಷದಲ್ಲಿ ನಿಮಗೆ ಸಮಾಧಾನ ಕೊಡದ 100 ಫೋಟೊಗಳನ್ನು ತೆಗೆದು ಕಾರಣದ ಪ್ರಕಾರ ವಿಂಗಡಿಸಿ. ಕೈ ನಡುಗಿ ಮಸುಕಾದವು, ಎದುರಿನವರು ಅಲುಗಿ ಮಸುಕಾದವು, ಫೋಕಸ್ ಬೇರೆಲ್ಲೋ ಕೂತವು, ನಾಯ್ಸ್ ತುಂಬಿದವು, ಎಲ್ಲ ಸರಿಯಿದ್ದೂ ಸಪ್ಪೆಯಾದವು. ಕೈ ನಡುಕಕ್ಕೆ ಟ್ರೈಪಾಡ್ ಅಥವಾ ಹೆಚ್ಚಿನ ಶಟರ್ ವೇಗ ಮದ್ದು. ಅಲುಗಾಟಕ್ಕೂ ನಾಯ್ಸ್‌ಗೂ ಮೊದಲು ಎಫ್/1.8 ಲೆನ್ಸ್. ಸಪ್ಪೆಯಾದವುಗಳಿಗೆ ಬೆಳಕನ್ನು ನೋಡುವ ಅಭ್ಯಾಸ; ಅದಕ್ಕೆ ಬೆಳಗಿನ ಜಾವ ಎದ್ದು ಹೊರಡಬೇಕು, ಹಣ ಬೇಕಿಲ್ಲ. ಓಡುವ, ಹಾರುವ ವಸ್ತುಗಳ ಮೇಲೆ ಫೋಕಸ್ ತಪ್ಪಿದ ರಾಶಿಯೇ ಎಲ್ಲಕ್ಕಿಂತ ದೊಡ್ಡದಾಗಿದ್ದರೆ, ನೀವು ಆಸೆಪಟ್ಟ ಕ್ಯಾಮೆರಾಗೆ ಅಲ್ಲಿ ನಿಜವಾದ ಕೆಲಸವಿದೆ.

ಆಗಲೂ ನೇರ ಕೊಳ್ಳಬೇಡಿ. ಎರಡು ದಿನ ಬಾಡಿಗೆಗೆ ತನ್ನಿ. ನಿಮಗೆ ಪದೇ ಪದೇ ಕೈತಪ್ಪುವ ಅದೇ ಸನ್ನಿವೇಶಕ್ಕೆ ಹೋಗಿ ಫೋಟೊ ತೆಗೆಯಿರಿ, ಬಂದು ಕೆಟ್ಟವನ್ನು ಮತ್ತೆ ವಿಂಗಡಿಸಿ. ಆ ರಾಶಿ ಕರಗಿದ್ದರೆ ಕೊಳ್ಳಿ. ಇದ್ದಷ್ಟೇ ಇದ್ದರೆ ಕ್ಯಾಮೆರಾ ಹಿಂದಿರುಗಿಸಿ, ಆ ಹಣದ ಸ್ವಲ್ಪ ಭಾಗದಲ್ಲಿ ಆ 50 ಮಿ.ಮೀ. ಲೆನ್ಸ್ ತಂದುಕೊಳ್ಳಿ.